ಸಹಿ ಬಿದ್ದ ಮೇಲೆ, ರೈಲು ಬರೋ ತನಕ

ಸರ್ವಿಸ್ ರಿಪೋರ್ಟಿಗೆ ಗಿರಾಕಿಯ ಸಹಿ ಬಿತ್ತು ಅಂದರೆ, ಕಾರ್ಖಾನೆಗಳಿಗೆ ಹೋಗಿ ನಮ್ಮ ಕಂಪನಿಯ ಮಷೀನು ರಿಪೇರಿ ಮಾಡುವ ನಮ್ಮಂಥವರ ಕೆಲಸ ಮುಗಿದ ಹಾಗೆ. ಸಹಿ, ಸೀಲು, ತಾರೀಖು. ಅದರ ಫೋಟೋ ಆಫೀಸಿನ ಗ್ರೂಪಿಗೆ ಹೋಗುತ್ತದೆ, ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ. ಟೂಲ್ ಬ್ಯಾಗಿನ ಜಿಪ್ ಎಳೆದರೆ ಆಯಿತು. ಬೆಳಗಾವಿಯಲ್ಲಿ ಇದೆಲ್ಲ ಸಾಮಾನ್ಯವಾಗಿ ಸಂಜೆ ಆರರ ಹೊತ್ತಿಗೆ ಆಗುತ್ತದೆ. ಬೆಂಗಳೂರಿಗೆ ರೈಲು ಇರುವುದು ರಾತ್ರಿ ಒಂಬತ್ತರ ಸುಮಾರಿಗೆ. ನಡುವೆ ಉಳಿಯುವ ಹೊತ್ತಿನ ಬಗ್ಗೆ ನನಗೆ ಬಹಳ ದಿನದಿಂದ ಒಂದು ಕಿರಿಕಿರಿ ಇದೆ.

ಏನು ಕಿರಿಕಿರಿ ಅಂದರೆ, ಆ ಹೊತ್ತಿನಲ್ಲಿ ಕಾಕಾನ ಜೊತೆ ಮಾತಾಡಲು ನನಗೆ ಏನೂ ಸಿಗುವುದಿಲ್ಲ. ಕಾಕಾ ಅಂದರೆ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವರು. ಹೈಡ್ರಾಲಿಕ್ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ಅದು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಶಾಪ್ ಫ್ಲೋರಿನಲ್ಲಿ ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಬೆಳಗಿನಿಂದ ಸಂಜೆ ತನಕ ನಾವಿಬ್ಬರೂ ಬಾಯಿ ಮುಚ್ಚುವುದಿಲ್ಲ. ಪೀಸು ಹಿಡಿಯುವ ಚಕ್ ಬಿಚ್ಚುವಾಗ ಮಾತು, ಟೂಲು ಕೂರುವ ಟರೆಟ್ಟಿಗೆ ಅಳತೆಯ ಡಯಲ್ ಹಚ್ಚುವಾಗ ಮಾತು, ಕೂಲಂಟ್ ವಾಸನೆ ಬರುತ್ತಿದೆ ಅಂದರೆ ಅದರ ಮೇಲೆ ಅರ್ಧ ಗಂಟೆ ವಾದ. ಸಹಿ ಬಿದ್ದದ್ದೇ ತಡ, ಇಬ್ಬರಿಗೂ ಮಾತು ಕಟ್ಟಿಹೋಗುತ್ತದೆ. ತಿಲಕವಾಡಿ ಕಡೆ ನಡೆಯುತ್ತೇವೆ. ರೈಲ್ವೆ ಗೇಟು ಬಿದ್ದಿದ್ದರೆ ನಿಂತು, ಹೋಗುವ ಗಾಡಿ ನೋಡುತ್ತೇವೆ. ಚಹಾ ಕುಡಿಯುತ್ತೇವೆ. ಅವರು "ಮತ್ತ?" ಅನ್ನುತ್ತಾರೆ. ನಾನು "ಮತ್ತೇನಿಲ್ಲ ಕಾಕಾ" ಅನ್ನುತ್ತೇನೆ. ಮನೆಯವರು ಆರಾಮಾ, ಮಗಳ ಓದು ಎಲ್ಲಿಗೆ ಬಂತು, ಬೆಂಗಳೂರಿನಲ್ಲಿ ಮಳೆ ಹೇಗೆ. ಕೇಳಿದ್ದನ್ನೇ ಕೇಳಿ ಮುಗಿಸುತ್ತೇವೆ. ಇಷ್ಟೇನಾ ನಮ್ಮ ಗೆಳೆತನ ಅಂತ ಪ್ರತಿ ಸಲ ಅನ್ನಿಸುತ್ತದೆ. ರೈಲು ಹತ್ತಿ ಮಲಗಿದ ಮೇಲೂ ಇದೇ ತಲೆಯಲ್ಲಿರುತ್ತದೆ. ಖಾನಾಪುರ ದಾಟಿ ಲೋಂಡಾ ಬರುವ ತನಕವಂತೂ ನಿದ್ದೆ ಇಲ್ಲ.

ಆಫೀಸಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. "ಅವರು ಕಸ್ಟಮರ್ ಮಾರಾಯಾ, ಫ್ರೆಂಡ್ ಹೇಗಾಗ್ತಾರೆ?" ಸೇಲ್ಸಿನವರ ಪ್ರಕಾರ ಇದಕ್ಕೆ ರಿಲೇಶನ್‌ಶಿಪ್ ಅಂತ ಹೆಸರು. ಅದನ್ನು ಬೆಳೆಸಬೇಕಂತೆ, ಮೂರು ತಿಂಗಳಿಗೊಮ್ಮೆ ಅದರ ರಿವ್ಯೂ ಆಗಬೇಕಂತೆ. ಆ ಮೀಟಿಂಗಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತೇನೆ.

ಮಧ್ಯಾಹ್ನ ಮೂರರ ಸೈಜು

ಕಾಕಾನ ಪರಿಚಯ ಆಗಿದ್ದು ಜಗಳದಿಂದ. ನಮ್ಮ ಒಂದು ಸಿಎನ್‌ಸಿ ಲೇಥ್, ಅಂದರೆ ಪೀಸನ್ನು ತಿರುಗಿಸುತ್ತಾ ಕತ್ತರಿಸುವ ಕಂಪ್ಯೂಟರ್ ಮಷೀನು, ಅಲ್ಲಿಗೆ ಹೋಗಿ ಹೆಚ್ಚು ದಿನ ಆಗಿರಲಿಲ್ಲ, ವಾರಂಟಿ ಇನ್ನೂ ನಡೆಯುತ್ತಿತ್ತು. ದೂರು ಏನೆಂದರೆ, ಬೆಳಗ್ಗೆ ಸೈಜು ಸರಿ ಬರುತ್ತದೆ, ಮಧ್ಯಾಹ್ನ ಮೂರರ ಮೇಲೆ ಜರುಗುತ್ತದೆ. ಆ ಪೀಸಿನ ಒಂದು ವ್ಯಾಸ 20 ಮೈಕ್ರಾನಿನ ಒಳಗೆ ನಿಲ್ಲಬೇಕು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನು. ನಮ್ಮ ತಲೆಗೂದಲೇ ಎಪ್ಪತ್ತರ ಆಸುಪಾಸು ದಪ್ಪ ಇರುತ್ತದೆ, ಅದರಲ್ಲಿ ಮೂರನೇ ಒಂದು ಪಾಲೂ ಇಲ್ಲ ಇದು. ಆಫೀಸಿನಿಂದ ಫೋನಿನಲ್ಲೇ ಸೈಜಿನ ವ್ಯತ್ಯಾಸ ಸರಿದೂಗಿಸುವ ಆಫ್‌ಸೆಟ್ ಹಾಕಿಸಿ ನೋಡಿದ್ದರು. ಸಂಜೆಗೆ ಹಾಕಿದ ಆಫ್‌ಸೆಟ್ ಬೆಳಗ್ಗೆ ತಿರುಗಿ ಹೊಡೆಯುತ್ತಿತ್ತು. ಕೊನೆಗೆ ನನ್ನನ್ನು ಕಳಿಸಿದರು.

ಹೋದಾಗ ಕಾಕಾ ಕುರ್ಚಿ ಕೂಡ ತೋರಿಸಲಿಲ್ಲ. "ಸಾಹೇಬ್ರ, ಬೆಂಗಳೂರಾಗ ಕುಂತು ಫೋನಿನ್ಯಾಗ ಹೇಳಿದ್ರ ಆಗೂದಿಲ್ರಿ. ಮಷೀನ್ ಮುಂದ ನಿಂದರಬೇಕ್ರಿ" ಅಂದರು. ನಿಂತೆ. ಬಾಲ್ ಸ್ಕ್ರೂ ಬ್ಯಾಕ್‌ಲ್ಯಾಶ್ ನೋಡಿದೆ, ಸರಿ ಇತ್ತು. ಸ್ಪಿಂಡಲ್ ರನ್ಔಟ್ ಸರಿ. ಟರೆಟ್ ಲಾಕು ಸರಿ. ಚಕ್ಕಿನ ಒತ್ತಡ ಸರಿ. ಎಲ್ಲ ಸರಿ ಇರುವ ಮಷೀನು ತಪ್ಪು ಸೈಜು ಕೊಡುತ್ತಿದ್ದರೆ ಅದಕ್ಕಿಂತ ತಲೆನೋವು ಇನ್ನೊಂದಿಲ್ಲ. ಕೆಟ್ಟಿದ್ದು ಕಂಡರೆ ಬದಲಾಯಿಸಬಹುದು. ಏನೂ ಕೆಟ್ಟಿಲ್ಲ ಅಂದರೆ ಗಿರಾಕಿಗೆ ಹೇಳುವುದಾದರೂ ಏನು? ಕಾಕಾ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ನನ್ನ ಡಯಲಿನ ಮುಳ್ಳನ್ನು ನನಗಿಂತ ಮೊದಲು ಓದುತ್ತಿದ್ದರು.

ಊಟದ ಹೊತ್ತಿಗೆ ನನ್ನನ್ನೂ ಕರೆದರು. ಅಷ್ಟು ಹೊತ್ತು ಬೈದವರು ಡಬ್ಬಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದರು. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ಮಾತಿಲ್ಲದೆ ತಿಂದೆವು. ಊಟ ಆದ ಮೇಲೆ ಮಷೀನು ಶುರು ಮಾಡಿ ಪೀಸು ತೆಗೆಯುತ್ತಾ ಬಂದೆವು. ನಾನು ಮೈಕ್ರೋಮೀಟರ್ ಹಿಡಿದು ಬರೆದುಕೊಳ್ಳುತ್ತಿದ್ದೆ. ಮೂರು ದಾಟಿದ್ದೇ ಸೈಜು ನಿಧಾನಕ್ಕೆ ಏರತೊಡಗಿತು. ನಾನು ಸ್ಕ್ರೀನು ನೋಡುತ್ತಿದ್ದೆ, ಪ್ಯಾರಾಮೀಟರಿನ ಪುಟ ತೆಗೆದು ಕೂತಿದ್ದೆ. ಕಾಕಾ ಆ ಕಡೆ ಹೋಗಲೇ ಇಲ್ಲ. ಮಷೀನಿನ ಪಕ್ಕಕ್ಕೆ ಹೋಗಿ ಕವರಿನ ಬೋಲ್ಟು ಬಿಚ್ಚಿ, ಒಳಗಿನ ಎರಕಕ್ಕೆ ಅಂಗೈ ಒತ್ತಿದರು. ಆಮೇಲೆ ಈಚೆ ಬದಿಗೆ ಬಂದು ಒತ್ತಿದರು.

"ಇಲ್ಲಿ ಕೈ ಇಡ್ರಿ. ಈಗ ಅಲ್ಲಿ ಇಡ್ರಿ."

ಒಂದು ಬದಿ ತಣ್ಣಗಿತ್ತು, ಇನ್ನೊಂದು ಬದಿ ಬೆಚ್ಚಗೆ. ಅವರು ಶೆಡ್ಡಿನ ಪಶ್ಚಿಮದ ಶಟರಿನ ಕಡೆ ಗದ್ದ ಎತ್ತಿದರು. ಫೋರ್ಕ್‌ಲಿಫ್ಟ್ ಓಡಾಡಲಿ ಅಂತ ಆ ಶಟರನ್ನು ದಿನವಿಡೀ ಮೇಲೆತ್ತಿಯೇ ಇಡುತ್ತಿದ್ದರು. "ಬಿಸಲ ನೋಡ್ರಿ, ಸೀದಾ ಮಷೀನಿನ ಮೈಮ್ಯಾಗ ಬಿದ್ದೈತಿ."

ಲೆಕ್ಕ ಸುಲಭ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11-12 ಮೈಕ್ರಾನ್ ಬೆಳೆಯುತ್ತದೆ. ಎರಕದ ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಮಷೀನಿನ ಒಂದು ಬದಿ ನಾಲ್ಕೈದು ಡಿಗ್ರಿ ಏರಿದರೆ ಸಾಕು, 20 ಮೈಕ್ರಾನಿನ ಜಾಗ ಎಲ್ಲಿ ಉಳಿಯುತ್ತದೆ? ಇದನ್ನು ನಾನು ತರಬೇತಿಯಲ್ಲಿ ಓದಿದ್ದೆ, ಕಿರಿಯರಿಗೆ ಪಾಠವನ್ನೂ ಮಾಡಿದ್ದೆ. ಆದರೆ ಕೈ ಇಟ್ಟು ನೋಡಿದ್ದು ಕಾಕಾ. ಮರುದಿನ ಶಟರಿಗೆ ಒಂದು ಹಳೇ ತಾಡಪತ್ರಿ ಕಟ್ಟಿಸಿ, ಸಂಜೆ ಆರರ ತನಕ ಪೀಸು ತೆಗೆದೆವು. ಸೈಜು ಕೂತಲ್ಲೇ ಕೂತಿತ್ತು. ಕೊನೆಯ ಪೀಸಿನ ರೀಡಿಂಗ್ ಓದಿದಾಗ ಅವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಎಣ್ಣೆ ಕೈಯಲ್ಲೇ. ಆ ಶರ್ಟು ಮತ್ತೆ ಬೆಳ್ಳಗಾಗಲಿಲ್ಲ.

ಕಾರಣ ಬರೆಯುವ ಕಾಲಂ

ನಮ್ಮ ರಿಪೋರ್ಟಿನಲ್ಲಿ ಒಂದು ಕಾಲಂ ಇರುತ್ತದೆ, ದೋಷಕ್ಕೆ ಕಾರಣ ಏನು ಅಂತ. ಎರಡು ಗೆರೆಯ ಜಾಗ. ಅದನ್ನು ಬರೆಯುವವನಿಗೆ ಮಾತ್ರ ಗೊತ್ತು ಅದರ ಭಾರ. ಮಷೀನಿನ ದೋಷ ಅಂತ ಬರೆದರೆ ಖರ್ಚು ನಮ್ಮ ಕಂಪನಿಗೆ. ಸೈಟ್ ಕಂಡಿಶನ್ ಅಂತ ಬರೆದರೆ ಅವರಿಗೆ ಬಿಲ್ಲು ಹೋಗುತ್ತದೆ, ಜೊತೆಗೆ ಆ ಕಾರ್ಖಾನೆಯಲ್ಲಿ ಯಾರಾದರೂ ಒಬ್ಬರು ಬೈಸಿಕೊಳ್ಳುತ್ತಾರೆ. ಮಷೀನನ್ನು ಅಲ್ಲಿ ಇಟ್ಟವರು ಯಾರು, ಬಿಸಿಲು ಬೀಳುತ್ತದೆ ಅಂತ ಗೊತ್ತಾಗಲಿಲ್ಲವೇ, ಮೆಂಟೆನೆನ್ಸ್ ಏನು ಮಾಡುತ್ತಿತ್ತು? ಬೆರಳು ಕಾಕಾನ ಕಡೆಗೇ ತಿರುಗುತ್ತದೆ. ಆ ಜಾಗ ಬೇಡ ಅಂತ ಹೇಳಿದ್ದವರು ಅವರೇ. "ನಾ ಬ್ಯಾಡ ಅಂದಿದ್ನಿ. ಕೇಳಾವ್ರ್ಯಾರು?" ಅಂತ ಊಟದ ಹೊತ್ತಿನಲ್ಲಿ ಒಮ್ಮೆ ಅಂದಿದ್ದರು, ಅಷ್ಟೇ.

ನಾನು ಪೆನ್ನು ಹಿಡಿದು ಕೂತಾಗ ಅವರು ಎದುರಿಗೇ ಇದ್ದರು. ಹೀಗೆ ಬರೆಯಿರಿ, ಹಾಗೆ ಬರೆಯಿರಿ ಅನ್ನಲಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನ ಚಹಾ ತರಿಸುತ್ತಾರೆ, "ಸ್ವಲ್ಪ ನೋಡಿಕೊಂಡು ಬರೀರಿ ಸಾರ್" ಅನ್ನುತ್ತಾರೆ. ಕಾಕಾ ಎದ್ದು ಹೋಗಿ ಬೇರೆ ಮಷೀನಿನ ಬೆಲ್ಟು ಬಿಗಿ ಮಾಡತೊಡಗಿದರು. ನಾನು ಕಂಡದ್ದನ್ನು ಬರೆದೆ. ಮಧ್ಯಾಹ್ನ ಮೂರರಿಂದ ಐದರ ತನಕ, ಪೀಸು ತಿರುಗಿಸುವ ಸ್ಪಿಂಡಲ್ ಕೂರುವ ಹೆಡ್‌ಸ್ಟಾಕಿನ ಒಂದು ಬದಿಗೆ ನೇರ ಬಿಸಿಲು. ಬಿಸಿಲು ತಡೆದ ಮೇಲೆ ಸೈಜು ಸ್ಥಿರ. ಕಾರಣ ಪತ್ತೆ ಮಾಡಿದ್ದು ಗಿರಾಕಿಯ ಮೆಂಟೆನೆನ್ಸ್ ವಿಭಾಗ. ಕೊನೆಯ ವಾಕ್ಯಕ್ಕೆ ಬೆಂಗಳೂರಿನಲ್ಲಿ ನನ್ನ ಮೇಲಿನವರು ಮುಖ ಗಂಟಿಕ್ಕಿದರು. "ನೀನು ಹೋಗಿದ್ದು ಯಾಕೆ ಹಾಗಾದರೆ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಕಾಕಾನ ಮಾಲೀಕರು ಆ ವಾಕ್ಯ ಓದಿ ಶಟರಿನ ಹೊರಗೆ ತಗಡಿನ ಚಪ್ಪರ ಹಾಕಿಸಿದರಂತೆ, ಯಾರನ್ನೂ ಬೈಯಲಿಲ್ಲವಂತೆ. ಇದನ್ನು ಕಾಕಾ ನನಗೆ ಹೇಳಲಿಲ್ಲ. ಆಮೇಲೆ ಹೋದಾಗ ಆಪರೇಟರ್ ಹುಡುಗ ಹೇಳಿದ.

ಕೆಲಸದ ಗೆಳೆತನ ಅಂದರೆ ಲಾಭಕ್ಕೆ ಅಂತ ಹಗುರವಾಗಿ ಅನ್ನುವವರಿಗೆ ನಾನು ಹೇಳಬೇಕು ಅಂದುಕೊಳ್ಳುವುದು ಆ ಬೆಲ್ಟು ಬಿಗಿ ಮಾಡಿದ ಸಂಗತಿಯನ್ನು. ಕೇಳಬಹುದಾಗಿದ್ದನ್ನು ಕೇಳದೆ ಎದ್ದು ಹೋಗುವುದಕ್ಕೆ ಬಹಳ ದೊಡ್ಡ ಮನಸ್ಸು ಬೇಕು. ನನ್ನ ಕಾಲೇಜಿನ ಗೆಳೆಯರು, ಒಂದೇ ತಟ್ಟೆಯಲ್ಲಿ ತಿಂದವರು, ಈಗ ಫೋನ್ ಮಾಡಿದರೆ ಎರಡನೇ ನಿಮಿಷಕ್ಕೆ ರೆಫರೆನ್ಸ್ ಕೇಳುತ್ತಾರೆ. ಬೇಜಾರಿಲ್ಲ, ನಾನೂ ಕೇಳಿದ್ದೇನೆ. ಆದರೆ ಯಾವುದು ಲಾಭದ ಗೆಳೆತನ, ಯಾವುದು ಅಲ್ಲ ಅನ್ನುವುದು ಎಲ್ಲಿ ಪರಿಚಯ ಆಯಿತು ಅನ್ನುವುದರ ಮೇಲೆ ನಿಂತಿಲ್ಲ.

ಇನ್ನೊಂದು ತಮಾಷೆ. ಗಿರಾಕಿಗಳಿಂದ ಉಡುಗೊರೆ ತೆಗೆದುಕೊಳ್ಳಬಾರದು ಅಂತ ನಮ್ಮ ಆಫೀಸಿನಿಂದ ದೀಪಾವಳಿಗೆ ಮುಂಚೆ ಮೇಲ್ ಬರುತ್ತದೆ. ಕಾಕಾ ಪ್ರತಿ ಸಲ ಹೊರಡುವಾಗ ಕುಂದಾ ಕಟ್ಟಿಸಿ ಕೊಡುತ್ತಾರೆ. ಕುಂದಾ ಉಡುಗೊರೆಯೋ ಅಲ್ಲವೋ? ಎಚ್‌ಆರ್‌ನವರನ್ನು ಕೇಳಿದೆ. ಅವರು ಬಹಳ ಯೋಚನೆ ಮಾಡಿ, ಆಫೀಸಿಗೆ ತಂದು ಎಲ್ಲರಿಗೂ ಹಂಚಿದರೆ ತೊಂದರೆ ಇಲ್ಲ ಅಂದರು. ಅವರ ಪಾಲು ಅವರಿಗೆ ಮುಟ್ಟುತ್ತಿದೆ.

ಎದುರಿಗೆ ಏನಾದರೂ ಇರಬೇಕು

ನಾನು ಕೆಲಸ ಕಲಿತದ್ದು ಎಚ್‌ಎಂಟಿಯಲ್ಲಿ ದುಡಿದು ಬಂದ ಹಿರಿಯರೊಬ್ಬರ ಕೈಕೆಳಗೆ. ಜಾಲಹಳ್ಳಿಯಲ್ಲಿ ಆ ಕಾರ್ಖಾನೆ 1953ರಲ್ಲಿ ಶುರುವಾದದ್ದು. ಕಾರ್ಖಾನೆ, ಕಾಲೊನಿ, ಶಾಲೆ, ಮೈದಾನ ಎಲ್ಲ ಒಂದೇ ಕಡೆ. ಪಕ್ಕದ ಬೆಂಚಿನವನೇ ಪಕ್ಕದ ಮನೆಯವನು. ಅಲ್ಲಿ ಕೆಲಸದ ಗೆಳೆಯ, ಮನೆಯ ಗೆಳೆಯ ಅಂತ ಎರಡು ಪಟ್ಟಿ ಇರಲಿಲ್ಲ ಅಂತ ಅವರು ಹೇಳುತ್ತಿದ್ದರು. ಎಚ್‌ಎಂಟಿಯ ವಾಚ್ ಕಂಪನಿಯನ್ನು ಮುಚ್ಚುವುದಕ್ಕೆ 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ, ಮಷೀನ್ ಟೂಲ್ ವಿಭಾಗದಲ್ಲೇ ಇದ್ದು ನಿವೃತ್ತರಾದ ಇವರೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗಲೂ ಬೆಳಗ್ಗೆ ವಾಕಿಂಗಿನಲ್ಲಿ ಹಳಬರು ಸೇರುತ್ತಾರೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮೊಮ್ಮಕ್ಕಳ ಸುದ್ದಿ ಐದು ನಿಮಿಷ, ಮಂಡಿ ನೋವು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಸ್ಕ್ರೇಪಿಂಗ್, ಅಂದರೆ ಕಬ್ಬಿಣದ ಮೈಯನ್ನು ಕೈಯಿಂದ ಕೆರೆದು ಮಟ್ಟಸ ಮಾಡುವ ಕೆಲಸ. ಮಷೀನಿನ ಯಾವ ಬೆಡ್ಡಿಗೆ ಯಾರು ಹೇಗೆ ಕೈ ಹಚ್ಚಿದ್ದರು, ನೀಲಿ ಹಚ್ಚಿ ಉಜ್ಜಿದರೆ ಚುಕ್ಕಿ ಹೇಗೆ ಬೀಳುತ್ತಿದ್ದವು, ಯಾರದ್ದು ಒರಟು ಕೈ. ಕೆಲಸ ಬಿಟ್ಟು ಎಷ್ಟೋ ವರ್ಷ ಆದವರು ಅವರೆಲ್ಲ. ಒಬ್ಬರಂತೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅಂಗೈ ಎಳೆದು, ಇದು ಮಟ್ಟಸವಾಗಿಲ್ಲ ಅಂತ ತಕರಾರು ತೆಗೆದರು.

ಅವತ್ತು ನನಗೆ ಸ್ವಲ್ಪ ಸಮಾಧಾನ ಆಯಿತು. ಕೆಲಸದ ಮಾತು ಬಿಟ್ಟರೆ ಮಾತೇ ಇಲ್ಲ ಅನ್ನುವುದನ್ನು ನಾನು ಕೊರತೆ ಅಂತ ಲೆಕ್ಕ ಹಾಕುತ್ತಿದ್ದೆ. ಈ ಹಿರಿಯರಿಗೆ ಅದು ಕೊರತೆ ಅಂತ ಅನ್ನಿಸಿದ ಹಾಗೇ ಇರಲಿಲ್ಲ. ಇಬ್ಬರು ಎದುರುಬದುರು ಕೂತು "ನಿನ್ನ ಮನಸ್ಸಿನಲ್ಲಿ ಏನಿದೆ" ಅಂತ ಕೇಳಿಕೊಳ್ಳುವುದೇ ಗೆಳೆತನ ಅಂತ ಎಲ್ಲಿಂದಲೋ ನಮ್ಮ ತಲೆಗೆ ಹೊಕ್ಕಿದೆ. ನಮ್ಮಂಥವರಿಗೆ ಅದು ಆಗಿಬರುವುದಿಲ್ಲ. ಇಬ್ಬರೂ ಸೇರಿ ನೋಡುವುದಕ್ಕೆ ಎದುರಿಗೆ ಏನಾದರೂ ಇರಬೇಕು. ಹೊಲ ಇರುವವರಿಗೆ ಹೊಲ, ಭಜನೆಯವರಿಗೆ ತಾಳ, ನಮಗೆ ಡಯಲಿನ ಮುಳ್ಳು. ಕಾಕಾನ ಹೆಂಡತಿ ಆಸ್ಪತ್ರೆಯಲ್ಲಿದ್ದ ಸಂಗತಿ ನನಗೆ ಗೊತ್ತಾದದ್ದು ಲೆವೆಲಿಂಗ್ ಮಾಡುವಾಗ. ಸ್ಪಿರಿಟ್ ಲೆವೆಲಿನ ಗುಳ್ಳೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು. ನಾನೂ ಬೋಲ್ಟು ತಿರುಗಿಸುತ್ತಲೇ ಕೇಳಿದೆ. ಮುಖ ನೋಡಿಕೊಂಡು ಕೂತಿದ್ದರೆ ಅವರು ಹೇಳುತ್ತಿರಲಿಲ್ಲ, ನನಗೆ ಕೇಳಲು ಧೈರ್ಯವೂ ಬರುತ್ತಿರಲಿಲ್ಲ.

ಹಾಗಂತ ಸಮಾಧಾನ ಪೂರ್ತಿ ಆಗಲಿಲ್ಲ. ಆ ಹಿರಿಯರದ್ದು ಒಂದೇ ಕಾಲೊನಿ, ಮೂವತ್ತು ವರ್ಷ ಒಂದೇ ಗೇಟು. ನಮ್ಮದು ಹಾಗಲ್ಲ. ಕರೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಈಗ ಕರೆಯೂ ಕಮ್ಮಿಯಾಗುತ್ತಿದೆ. 2020ರ ಲಾಕ್‌ಡೌನಿನಲ್ಲಿ ವಿಡಿಯೋ ಕಾಲ್ ಮೇಲೆ ಮಷೀನು ರಿಪೇರಿ ಮಾಡಿಸುವುದನ್ನು ಕಲಿತೆವು. ಆಮೇಲೆ ಅದೇ ರೂಢಿಯಾಯಿತು. ಹೊಸ ಮಷೀನುಗಳು ನೆಟ್ಟಿಗೆ ಸಿಕ್ಕಿಕೊಂಡೇ ಬರುತ್ತವೆ. ಯಾವ ಅಲಾರಂ ಯಾವಾಗ ಬಂತು, ಸ್ಪಿಂಡಲ್ ಎಷ್ಟು ಹೊತ್ತು ಓಡಿತು, ಎಲ್ಲ ಪೀಣ್ಯದಲ್ಲಿ ಕೂತೇ ಕಾಣುತ್ತದೆ. ಪ್ರವಾಸದ ಮಂಜೂರಾತಿ ಕೇಳಿದರೆ "ರಿಮೋಟಲ್ಲಿ ಆಗಲ್ವಾ?" ಅನ್ನುವುದೇ ಮೊದಲ ಪ್ರಶ್ನೆ. ಕಂಪನಿಯ ಲೆಕ್ಕದಲ್ಲಿ ತಪ್ಪಿಲ್ಲ. ರೈಲು, ಲಾಡ್ಜು, ದಿನಭತ್ಯೆ, ಎರಡು ದಿನದ ಸಂಬಳ ಎಲ್ಲ ಉಳಿಯುತ್ತದೆ. ಕೈ ಇಟ್ಟು ನೋಡುವವರು ಆ ಕಡೆ ಇರುವ ತನಕ ಮಷೀನೂ ನಡೆಯುತ್ತದೆ. ಆ ಕಡೆ ಯಾರಿರುತ್ತಾರೆ ಅನ್ನುವುದು ಮಾತ್ರ ಯಾವ ಸ್ಕ್ರೀನಿನಲ್ಲೂ ಬರುವುದಿಲ್ಲ.

ರಿಟೈರ್ ಆದಮ್ಯಾಗ

ಈ ಸಲ ಹೋದದ್ದು ಒಂದು ಸ್ಪಿಂಡಲ್ ಬೇರಿಂಗ್ ಬದಲಾಯಿಸಲು. ರಿಮೋಟಲ್ಲಿ ಆಗದ ಕೆಲಸ, ಸದ್ಯ. ಕಾಕಾ ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಅವರ ಜಾಗಕ್ಕೆ ಬರುವ ಹುಡುಗ ಆಗಲೇ ಬಂದಿದ್ದಾನೆ, ಡಿಪ್ಲೊಮಾ ಮಾಡಿದವನು, ಚುರುಕು. ನನ್ನನ್ನು ಸಾರ್ ಅಂತ ಕರೆಯುತ್ತಾನೆ. ಬೇರಿಂಗ್ ಕೂರಿಸುವಾಗ ಕಾಕಾ ಅವನಿಗೆ ಬಿಟ್ಟುಕೊಟ್ಟು ಹಿಂದೆ ನಿಂತಿದ್ದರು. ಹಿಂದೆ ನಿಂತಿದ್ದರು ಅಂತ ಬರೆದೆ, ನಿಜವಾಗಿ ಅವನ ಭುಜದ ಮೇಲೆ ಗದ್ದ ಇಡುವುದೊಂದು ಬಾಕಿ ಇತ್ತು.

ಸಹಿ ಆಯಿತು. ಗೇಟಿನ ಹೊರಗೆ ಬಂದೆವು. ಅದೇ ರಸ್ತೆ, ಅದೇ ಚಹಾ, ಜೊತೆಗೆ ಈ ಸಲ ಮಿರ್ಚಿ ಭಜಿ. ಜಿಟಿಜಿಟಿ ಮಳೆ ಇತ್ತು. ಅವರು "ಮತ್ತ?" ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಅನ್ನಲಿಲ್ಲ.

"ನಾ ರಿಟೈರ್ ಆದಮ್ಯಾಗ ನೀ ಯಾತಕ್ಕ ಫೋನ್ ಮಾಡ್ತೀಪಾ?" ಅಂದರು.

ಇಷ್ಟು ದಿನ ನಾನು ಒಳಗೊಳಗೇ ತಿಣುಕುತ್ತಿದ್ದ ಪ್ರಶ್ನೆ ಅದು. ಅವರು ಭಜಿ ತಿನ್ನುತ್ತಾ ಕೇಳಿಬಿಟ್ಟರು. ಹಾಗಂದರೆ ಅವರಿಗೂ ಇದು ಕಾಡುತ್ತಿತ್ತು ಅಂತಾಯಿತು. "ಸುಮ್ನೆ ಮಾಡ್ತೀನಿ ಕಾಕಾ, ಅದಕ್ಕೇನು?" ಅಂದೆ. ಅವರು ಒಪ್ಪಲಿಲ್ಲ. ಸುಮ್ಮನೆ ಮಾಡಿದ ಫೋನು ಎರಡು ಸಲ ನಡೆಯುತ್ತದೆ, ಮೂರನೇ ಸಲಕ್ಕೆ ಹಬ್ಬದ ಮೆಸೇಜ್ ಆಗುತ್ತದೆ ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಅವರಿಗಿಂತ ಮೊದಲು ನಿವೃತ್ತರಾದ ಟೂಲ್ ರೂಮಿನವರೊಬ್ಬರ ಕಥೆ ತೆಗೆದರು. ದಿನಾ ಒಟ್ಟಿಗೆ ಬರುತ್ತಿದ್ದವರಂತೆ. ಈಗ ಖಡೇ ಬಜಾರಿನಲ್ಲಿ ಎದುರಾದರೂ ಇಬ್ಬರಿಗೂ ಸಂಕೋಚ, ಚೀಲ ಮೇಲೆತ್ತಿ ತೋರಿಸಿ "ಅವಸರ ಐತಿ" ಅಂತ ದಾಟಿಬಿಡುತ್ತಾರಂತೆ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಮಾತ್ರ ಆಗಲೇ ದಾರಿ ಹುಡುಕಿಕೊಂಡಿದ್ದರು. "ನಮ್ಮ ತಂಗಿ ಮಗಂದು ಮಚ್ಛೆದಾಗ ಒಂದು ಸಣ್ಣ ಶೆಡ್ ಐತಿ. ಹಳೇ ಲೇಥ್. ಟೇಪರ್ ತಿರಗತೈತಿ. ನಾ ನೋಡೀನಿ, ಹೆಡ್‌ಸ್ಟಾಕ್ ಅಲೈನ್‌ಮೆಂಟೇ ಹೋಗೇತಿ ಅನಸ್ತೈತಿ. ನೀ ಬರೂ ಮುಂದ ಡಯಲ್ ತಗೊಂಡ ಬಾ."

ಟೇಲ್‌ಸ್ಟಾಕೂ ಇರಬಹುದಲ್ಲ, ಪೀಸಿನ ಇನ್ನೊಂದು ತುದಿ ಹಿಡಿಯುವುದು ಅದೇ, ಅದನ್ನು ಮೊದಲು ನೋಡಬೇಕು ಅಂದೆ. ಟೇಪರ್ ಅಂದರೆ ಪೀಸು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಆಗುವುದು. ಪೀಸು ಬರೀ ಚಕ್ಕಿನಲ್ಲಿ ಹಿಡಿದಾಗಲೂ ಟೇಪರ್ ಬರುತ್ತದೆ, ಟೇಲ್‌ಸ್ಟಾಕ್ ಹೇಗಾಗುತ್ತದೆ ಅಂತ ಅವರು ದಬಾಯಿಸಿದರು. ಹಾಗಾದರೆ ಬೆಡ್ ತಿರುಚಿಕೊಂಡಿರಬೇಕು, ಲೆವೆಲ್ ನೋಡಿದ್ದೀರಾ ಅಂದೆ. ಭಜಿಯ ಕಾಗದದ ಹಿಂದೆ ಚಿತ್ರ ಬರೆದು ತೋರಿಸಿದರು. ನಾನು ಒಪ್ಪಲಿಲ್ಲ. ಸ್ಟೇಷನ್ನಿಗೆ ಆಟೋದಲ್ಲಿ ಹೋಗುವಾಗಲೂ ಇದೇ. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಬೆಡ್ ಅಲ್ಲ, ನೋಡ್ತಿರು" ಅಂದರು.

ದಸರಾ ರಜೆಗೆ ಟಿಕೆಟ್ ಮಾಡಿಸಿದ್ದೇನೆ, ಸ್ವಂತ ದುಡ್ಡಿನಲ್ಲಿ. ಕೆಲಸ ಇಲ್ಲದೆ ಬೆಳಗಾವಿಗೆ ಯಾಕೆ ಅಂತ ಮನೆಯಲ್ಲಿ ಕೇಳಿದರು. ಕೆಲಸ ಇದೆ ಅಂದೆ. ಲೆವೆಲ್ ನನ್ನದೇ ಇದೆ. ಡಯಲು, ಮ್ಯಾಗ್ನೆಟಿಕ್ ಸ್ಟ್ಯಾಂಡು ಎರಡೂ ಕಂಪನಿಯವು, ಸ್ಟೋರ್ಸಿನವರು ಖಾಸಗಿ ಕೆಲಸಕ್ಕೆ ಕೊಡುವುದಿಲ್ಲ. ಶನಿವಾರ ಎಸ್‌ಪಿ ರೋಡಿಗೆ ಹೋಗಿ ಕೊಂಡು ತರಬೇಕು.